ಹೊಗೆಬಂಡಿಯ ಹಳೆಯ ಭಾವಚಿತ್ರಗಳು: ಕಾಲನಿರ್ಣಯದ ಒಂದು ವಿಚಾರ

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸ್ಮರಣ ಸಂಚಿಕೆಯಲ್ಲಿ ಒಂದು ಭಾವಚಿತ್ರವು ಅಚ್ಚಾಗಿದ್ದುದು ವಾಚಕರಲ್ಲಿ ಕೆಲವರಿಗಾದರೂ ನೆನಪಿರಬಹುದು. ತಾಂಡೂರಿನ ನಿಲ್ದಾಣದ ಕಲ್ಲುಹಾಸಿನ ಪಕ್ಕದಲ್ಲಿ ನಿಂತ ಒಂದು ಉಗಿ ಇಂಜಿನು, ಅದರ ಹಿಂದೆ ಎರಡು ಡಬ್ಬಿಗಳು, ಇಂಜಿನಿನ ಮೆಟ್ಟಿಲ ಬಳಿ ಕೈಲಾಂದ್ರವನ್ನು ಹಿಡಿದ ಒಬ್ಬ ನೌಕರ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಓಡುತ್ತಿರುವ ಒಬ್ಬ ಹುಡುಗ. ಚಿತ್ರದ ಅಡಿಯಲ್ಲಿ 'ತಾಂಡೂರಿಗೆ ಬಂದ ಮೊದಲ ಹೊಗೆಬಂಡಿ, 1874' ಎಂದು ಒಂದು ಸಾಲಿದ್ದಿತು. ಆ ಸಾಲನ್ನು ಬರೆದವರು ನಾವೇ. ಅದು ತಪ್ಪು. ಆ ತಪ್ಪನ್ನು ತಿದ್ದುವುದಕ್ಕಾಗಿಯೇ ಈ ಲೇಖನವನ್ನು ಬರೆಯಬೇಕಾಗಿ ಬಂದಿದೆ.

ನಾವು ಹಾಗೆ ಬರೆದುದಕ್ಕೆ ಆಧಾರವೇ ಇರಲಿಲ್ಲವೆಂದಲ್ಲ. ಇಂಜಿನಿನ ಹಿಂದಿನ ಕಲ್ಲಿದ್ದಲ ಗಾಡಿಯ, ಎಂದರೆ ಟೆಂಡರಿನ, ಮಗ್ಗುಲಲ್ಲಿ 'ಎನ್. ಎಸ್. ಆರ್.' ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಸ್ಪಷ್ಟವಾಗಿವೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ದಾರಿಗೆ ನಿಜಾಮ್ಸ್ ಸ್ಟೇಟ್ ರೈಲ್ವೆ ಎಂದು ಹೆಸರಿದ್ದುದನ್ನು ಪುಸ್ತಕಗಳಲ್ಲಿ ಓದಿದ್ದೆವು. ಅಕ್ಷರಕ್ಕೆ ಅಕ್ಷರ ಕೂಡಿತು. ಮುಂದೆ ಯೋಚಿಸುವ ಗೋಜಿಗೆ ನಾವು ಹೋಗಲಿಲ್ಲ. ಈ ಸಲ ಅದೇ ಚಿತ್ರವನ್ನು ದೊಡ್ಡದಾಗಿ ಮುಖಪುಟಕ್ಕೆ ಹಾಕಬೇಕೆಂದು ಮಿತ್ರರು ಆಲೋಚಿಸುತ್ತಿದ್ದಾಗ, ಚಿತ್ರವನ್ನು ಕೊಟ್ಟಿದ್ದ ಮನೆಯ ಹಿರಿಯ ತಾಯಿಯೊಬ್ಬರು ಮೊಮ್ಮಗನ ಕೈಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಎಂಬತ್ತು ದಾಟಿದ ವಯಸ್ಸು. ಕುಳಿತು ನೀರು ಕುಡಿದು, "ಮಾಸ್ತರ, ನೀವು ಬರದದ್ದು ನಾ ಓದಿಸಿ ಕೇಳೀನಿ. ಅಂದಿಂದ ಆ ಫೋಟೋ ಪೆಟ್ಟಿಗ್ಯಾಗ ಇಟ್ಟೀನಿ. ಕಂದೀಲು ಹಿಡಕೊಂಡು ನಿಂತಾವ ನಮ್ಮಪ್ಪ ಅಂತ ನಮ್ಮವ್ವ ಹೇಳ್ತಿದ್ದಳು. ಅಷ್ಟು ಹಳೇದಾದ್ರ ನಮ್ಮಪ್ಪ ಹ್ಯಾಂಗ ಆದಾನು? ಹೌದೋ ಅಲ್ಲೋ ಅಷ್ಟು ಹೇಳ್ರಿ" ಎಂದರು.

ಆಕೆಯ ತಂದೆ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಆಕೆ ಐದಾರು ವರ್ಷದ ಮಗುವಾಗಿದ್ದಾಗ ತೀರಿಕೊಂಡವರು. ಮನೆಯಲ್ಲಿ ಅವರ ಬೇರೊಂದು ಚಿತ್ರವಿಲ್ಲ. ನಾವು ಯಾವ ವಿಚಾರವನ್ನೂ ಮಾಡದೆ ಬರೆದ ನಾಲ್ಕು ಅಂಕಿಗಳು ಒಂದು ಮನೆಯ ಗೋಡೆಯಿಂದ ಒಬ್ಬ ತಂದೆಯನ್ನು ಇಳಿಸಿ ಪೆಟ್ಟಿಗೆಯಲ್ಲಿಟ್ಟಿದ್ದವು. ಅಂದಿನಿಂದ ಭೂತಕನ್ನಡಿಯನ್ನು ಹಿಡಿದು ಆ ಚಿತ್ರವನ್ನು ಓದತೊಡಗಿದೆವು. ಅದರೊಡನೆ ಜಹೀರಾಬಾದು, ನಾರಾಯಣಖೇಡಗಳ ಮನೆಗಳಿಂದಲೂ ಕೆಲವು ಚಿತ್ರಗಳು ಬಂದುವು. ಕಂಡುದನ್ನು ಕ್ರಮವಾಗಿ ನಿವೇದಿಸುತ್ತೇವೆ.

ಮೊದಲು ಆ ಮೂರು ಅಕ್ಷರಗಳ ವಿಚಾರ. ಮುಂಬಯಿಯಿಂದ ಬಂದ ಜಿ. ಐ. ಪಿ. ರೈಲ್ವೆಯು 1871ರಲ್ಲಿ ಕಲಬುರಗಿ, ವಾಡಿಗಳನ್ನು ದಾಟಿ ರಾಯಚೂರನ್ನು ಮುಟ್ಟಿತು. ಹೈದರಾಬಾದಿನ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗರ ಕಾಲದಲ್ಲಿ, ವಾಡಿಯಿಂದ ಕವಲೊಡೆದು ಸಿಕಂದರಾಬಾದಿಗೆ ಸುಮಾರು 120 ಮೈಲಿಗಳ ದಾರಿಯನ್ನು ಹಾಕಿ 1874ರ ಅಕ್ಟೋಬರಿನಲ್ಲಿ ಸಂಚಾರಕ್ಕೆ ತೆರೆದರು. ರಾಷ್ಟ್ರಕೂಟರ ಮಳಖೇಡದ ಮಗ್ಗುಲಲ್ಲಿಯೇ ಹಾದು, ಚಿತ್ತಾಪುರ, ಸೇಡಂಗಳ ಮೇಲೆ ತಾಂಡೂರಿಗೆ ಬರುವ ದಾರಿಯಿದು. ಇದೇ ನಿಜಾಮ್ಸ್ ಸ್ಟೇಟ್ ರೈಲ್ವೆ. 1883ರ ಒಪ್ಪಂದದಿಂದ ಲಂಡನ್ನಿನಲ್ಲಿ ಏರ್ಪಟ್ಟ ಕಂಪೆನಿಯೊಂದು ಇದನ್ನು ವಹಿಸಿಕೊಂಡಾಗ ಹೆಸರಿನಲ್ಲಿ 'ಗ್ಯಾರಂಟೀಡ್' ಎಂಬ ಮಾತು ಸೇರಿ ಅಕ್ಷರಗಳು ನಾಲ್ಕಾದವು: ಎನ್. ಜಿ. ಎಸ್. ಆರ್. ಕಂಪೆನಿ ಹಾಕಿದ ಬಂಡವಾಳಕ್ಕೆ ಇಷ್ಟು ಬಡ್ಡಿ ಖಂಡಿತವಾಗಿ ಬರುವುದೆಂದು ಸಂಸ್ಥಾನದ ಬೊಕ್ಕಸವು ಹೊಣೆ ಹೊತ್ತಿತೆಂಬುದೇ ಆ ಮಾತಿನ ಅರ್ಥ. 1930ರ ಏಪ್ರಿಲ್ 1ರಂದು ಸಂಸ್ಥಾನವು ಕಂಪೆನಿಯಿಂದ ದಾರಿಯನ್ನೆಲ್ಲ ಕೊಂಡುಕೊಂಡಿತು. ಹೊಣೆಯ ಮಾತು ಬಿದ್ದುಹೋಯಿತು. ಅಕ್ಷರಗಳು ಮತ್ತೆ ಮೂರಾದವು. ನಮ್ಮನ್ನು ದಾರಿ ತಪ್ಪಿಸಿದುದು ಇದೇ. ಒಂದೇ ಹೆಸರನ್ನು ಹೊತ್ತ ಎರಡು ಕಾಲಗಳಿವೆ. ಇವುಗಳ ನಡುವೆ ಸುಮಾರು ಅರ್ಧ ಶತಮಾನದ ಅಂತರವಿದೆ.

1950ರ ಏಪ್ರಿಲಿನಲ್ಲಿ ಈ ರೈಲ್ವೆಯು ಭಾರತ ಸರಕಾರದ ವಶಕ್ಕೆ ಬಂದಿತು; 1951ರ ನವೆಂಬರ್ 5ರಂದು ಮಧ್ಯ ರೈಲ್ವೆಯಲ್ಲಿ ಸೇರಿತು; 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆಯು ಹುಟ್ಟಿದಾಗ ಅದರ ಭಾಗವಾಯಿತು. ಆದಕಾರಣ ತಾಂಡೂರಿನ ಇಂಜಿನಿನ ಮೇಲೆ 'ಸಿ. ಆರ್.' ಎಂದಿದ್ದರೆ ಒಂದು ಕಾಲ, 'ಎಸ್. ಸಿ. ಆರ್.' ಎಂದಿದ್ದರೆ ಇನ್ನೊಂದು ಕಾಲ. ಒಂದು ಎಚ್ಚರ ಮಾತ್ರ ಬೇಕು. ಸರಕಾರದ ಗೆಜೆಟ್ಟಿನಲ್ಲಿ ಹೆಸರು ಬದಲಾದ ದಿನವೇ ಬಣ್ಣದ ಡಬ್ಬಿ ಹಿಡಿದು ಯಾರೂ ಇಂಜಿನಿನ ಮೇಲೆ ಹತ್ತುವುದಿಲ್ಲ. ಇಂಜಿನು ವರ್ಕ್‌ಷಾಪಿಗೆ ಹೋಗಿ ಬರುವವರೆಗೆ ಹಳೆಯ ಅಕ್ಷರಗಳು ಹಾಗೆಯೇ ಉಳಿಯುವುದುಂಟು.

ಅಕ್ಷರಗಳು ಎರಡು ಕಾಲಕ್ಕೂ ಹೊಂದುವುದಾದರೆ ನಿರ್ಣಯಿಸುವುದು ಹೇಗೆ? ಇಲ್ಲಿ ನಮಗೆ ಶಾಸನಗಳ ಅಭ್ಯಾಸವು ನೆರವಾಯಿತು. ಹಲ್ಮಿಡಿಯ ಶಾಸನದಲ್ಲಿ ಶಕವರ್ಷವಿಲ್ಲ. ಆದರೂ ವಿದ್ವಾಂಸರು ಅದರ ಲಿಪಿಯ ರೂಪವನ್ನೂ ಭಾಷೆಯನ್ನೂ ಕಾಕುಸ್ಥನೆಂಬ ಅರಸನ ಹೆಸರನ್ನೂ ನೋಡಿ ಅದು ಸುಮಾರು ಕ್ರಿ. ಶ. 450ರದೆಂದು ಎಣಿಸಿದರು. ಕಲ್ಲು ತನ್ನ ವಯಸ್ಸನ್ನು ಹೇಳದಿದ್ದರೂ ಅಕ್ಷರದ ತಲೆಕಟ್ಟು ಹೇಳುತ್ತದೆ. ಅಂತೆಯೇ ಇಂಜಿನಿಗೂ ಒಂದು ಲಿಪಿಯುಂಟು. ಗಾಲಿಗಳ ಜೋಡಣೆ, ಸಿಲಿಂಡರಿನ ಸ್ಥಾನ, ಬಾಯ್ಲರಿನ ಭುಜ, ದೀಪ ಇವೇ ಅದರ ಅಕ್ಷರಗಳು.

ಗಾಲಿಗಳನ್ನು ಎಣಿಸುವ ಕ್ರಮವು ಸುಲಭ. ಮುಂದಿನ ಸಣ್ಣ ಗಾಲಿಗಳು, ನಡುವಿನ ದೊಡ್ಡ ಗಾಲಿಗಳು, ಹಿಂದಿನ ಸಣ್ಣ ಗಾಲಿಗಳು ಎಂದು ಮೂರು ಅಂಕಿಗಳಲ್ಲಿ ಬರೆಯುವರು. ಚಿತ್ರದಲ್ಲಿ ಒಂದು ಮಗ್ಗುಲು ಮಾತ್ರ ಕಾಣುವುದರಿಂದ ಕಂಡುದನ್ನು ಇಮ್ಮಡಿ ಮಾಡಿಕೊಳ್ಳಬೇಕು. ಅಮೆರಿಕದ ಫ್ರೆಡರಿಕ್ ವೈಟ್ ಎಂಬವನು 1900ರ ಸುಮಾರಿಗೆ ಈ ಕ್ರಮವನ್ನು ರೂಢಿಗೆ ತಂದನು. 1870ರ ದಶಕದಲ್ಲಿ ನಮ್ಮ ದೇಶದ ಅಗಲ ಹಳಿಗಳ ಮೇಲೆ ಓಡುತ್ತಿದ್ದುವುಗಳಲ್ಲಿ 2-4-0, 0-6-0 ಜಾತಿಯವು ಸಾಮಾನ್ಯ. ಅವುಗಳಲ್ಲಿ ಬಹುಪಾಲಿನ ಸಿಲಿಂಡರುಗಳು ಗಾಲಿಗಳ ಒಳಗೆ ಅಡಗಿರುತ್ತಿದ್ದುವು. ಚಾಲಕನ ತಲೆಯ ಮೇಲೆ ಸರಿಯಾದ ಸೂರು ಕೂಡ ಇರುತ್ತಿರಲಿಲ್ಲ. ನಮ್ಮ ತಾಂಡೂರಿನ ಚಿತ್ರದಲ್ಲಿ ಮುಂದೆ ಎರಡು ಸಣ್ಣ ಗಾಲಿ, ನಡುವೆ ಮೂರು ದೊಡ್ಡ ಗಾಲಿ ಕಾಣುತ್ತವೆ: ಎಂದರೆ 4-6-0. ಸಿಲಿಂಡರು ಹೊರಗಿದೆ. ಅದರ ಹಿಂದೆ ಗಾಲಿಗಳ ಮೇಲೆ ಸನ್ನೆಕೋಲುಗಳ ಒಂದು ಜಾಲವಿದೆ. ಉಗಿಯನ್ನು ಹೊತ್ತಿಗೆ ಸರಿಯಾಗಿ ಸಿಲಿಂಡರಿಗೆ ಬಿಡುವ ಏರ್ಪಾಡು ಅದು. ಬೆಲ್ಜಿಯಮ್ಮಿನ ವಾಲ್ಶಾರ್ಟ್ಸ್ ಎಂಬವನ ಹೆಸರಿನಿಂದ ಪ್ರಸಿದ್ಧವಾದುದು. ಬಾಯ್ಲರಿನ ಹಿಂಭಾಗ ದುಂಡಾಗಿರದೆ ಪೆಟ್ಟಿಗೆಯಂತೆ ಚದರ ಭುಜವನ್ನು ಹೊಂದಿದೆ. 1903ರಿಂದ ಎರಡು ಮೂರು ವರ್ಷಗಳಲ್ಲಿ ಇಂಗ್ಲೆಂಡಿನ ಇಂಜಿನಿಯರುಗಳ ಸಮಿತಿಯೊಂದು ಭಾರತದ ರೈಲ್ವೆಗಳಿಗಾಗಿ ಕೆಲವು ಮಾದರಿ ಇಂಜಿನುಗಳನ್ನು ಗೊತ್ತುಮಾಡಿತು. ಆ ಮಾದರಿಗಳಲ್ಲಿ 4-6-0 ಮುಖ್ಯವಾದುದು. ಹೀಗಾಗಿ ನಮ್ಮ ಚಿತ್ರವು ಇಪ್ಪತ್ತನೆಯ ಶತಮಾನಕ್ಕಿಂತ ಹಿಂದಕ್ಕೆ ಹೋಗಲಾರದು.

ಇಂಜಿನಿನ ಮಗ್ಗುಲಲ್ಲಿ ತಯಾರಕರ ಹಿತ್ತಾಳೆಯ ತಗಡೊಂದು ಇರುತ್ತದೆ. ಅದನ್ನು ಓದಲು ಸಾಧ್ಯವಾದರೆ ಬೇರೆ ಸಾಕ್ಷಿಯೇ ಬೇಡ. ಕಟ್ಟಿದ ವರ್ಷವೇ ಅದರ ಮೇಲಿರುವುದುಂಟು. ಹೆಸರಷ್ಟೇ ಕಂಡರೂ ಲಾಭವಿದೆ. ಗ್ಲಾಸ್ಗೋ ನಗರದ ಮೂರು ಕಾರಖಾನೆಗಳು ಕೂಡಿ ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪೆನಿಯಾದದ್ದು 1903ರಲ್ಲಿ. ಚಿತ್ತರಂಜನದ ಕಾರಖಾನೆಯಿಂದ ಮೊದಲ ಇಂಜಿನು ಹೊರಬಂದುದು 1950ರಲ್ಲಿ. ದುರ್ದೈವದಿಂದ ನಮ್ಮ ಚಿತ್ರದಲ್ಲಿ ಬಿಸಿಲು ತಗಡಿನ ಮೇಲೆಯೇ ಬಿದ್ದು ಅಲ್ಲೊಂದು ಬಿಳಿಯ ಚುಕ್ಕೆ ಮಾತ್ರ ಉಳಿದಿದೆ. ಆದರೆ ಬಿಸಿಲು ಅಪಹರಿಸಿದುದನ್ನು ದೀಪ ಕೊಟ್ಟಿತು. ಇಂಜಿನಿನ ಮುಂಭಾಗದ ದೊಡ್ಡ ದೀಪದಿಂದ ಸಣ್ಣ ಕೊಳವೆಯೊಂದು ಹೊರಟು ಬಾಯ್ಲರಿನ ಉದ್ದಕ್ಕೂ ಸಾಗಿ, ಮೇಲ್ಗಡೆಯ ಒಂದು ಪುಟ್ಟ ಯಂತ್ರವನ್ನು ಸೇರುತ್ತದೆ. ಉಗಿಯಿಂದ ವಿದ್ಯುತ್ತನ್ನು ಹುಟ್ಟಿಸುವ ಯಂತ್ರವದು. ಎಡಿಸನ್ನನು ತನ್ನ ವಿದ್ಯುದ್ದೀಪವನ್ನು ಬೆಳಗಿ ತೋರಿಸಿದುದು 1879ರಲ್ಲಿ. ಅದಕ್ಕೆ ಐದು ವರ್ಷ ಮೊದಲೇ ತಾಂಡೂರಿನಲ್ಲಿ ವಿದ್ಯುದ್ದೀಪದ ಇಂಜಿನು ನಿಂತಿದ್ದಿತೆಂದು ನಾವು ಬರೆದಿದ್ದೆವು! ಇದನ್ನು ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬನು ತೋರಿಸಿಕೊಟ್ಟಾಗ ನಮಗಾದ ನಾಚಿಕೆಯನ್ನು ಇಲ್ಲಿ ವರ್ಣಿಸುವುದಿಲ್ಲ.

ಓಡುತ್ತಿರುವ ಹುಡುಗನೂ ನಮ್ಮ ವಿರುದ್ಧವೇ ಸಾಕ್ಷಿ ನುಡಿದನು. 1874ರಲ್ಲಿ ಭಾವಚಿತ್ರವನ್ನು ತೆಗೆಯುವುದೆಂದರೆ ಗಾಜಿನ ಫಲಕಕ್ಕೆ ಔಷಧವನ್ನು ಹಚ್ಚಿ, ಅದು ಒದ್ದೆಯಾಗಿರುವಾಗಲೇ ಕ್ಯಾಮೆರಾದಲ್ಲಿಟ್ಟು, ಒಣಗುವ ಮೊದಲೇ ಪಕ್ಕದ ಕತ್ತಲೆಯ ಗುಡಾರದಲ್ಲಿ ತೊಳೆಯಬೇಕಾಗಿದ್ದಿತು. ಬೆಳಕು ಬೀಳಲು ಕೆಲವು ಸೆಕೆಂಡುಗಳಾದರೂ ಬೇಕು. ಅಷ್ಟರಲ್ಲಿ ಯಾರಾದರೂ ಅಲುಗಿದರೆ ಚಿತ್ರದಲ್ಲಿ ಹೊಗೆಯಂತೆ ಕದಡಿಹೋಗುವರು. ಒಣ ಫಲಕಗಳು ಅಂಗಡಿಗೆ ಬಂದುದು 1870ರ ದಶಕದ ಕೊನೆಯಲ್ಲಿ. ನಮ್ಮ ಚಿತ್ರದಲ್ಲಾದರೋ ಹುಡುಗನ ಒಂದು ಕಾಲು ನೆಲಬಿಟ್ಟು ನಿಂತಿದೆ. ಅವನ ಅಂಗಿಯ ಚುಂಗು ಗಾಳಿಗೆ ಹಾರಿದುದೂ ಗೆರೆ ಕೊರೆದಂತೆ ಇದೆ. ಕ್ಷಣದ ನೂರನೆಯ ಒಂದು ಪಾಲಿನಲ್ಲಿ ಕಣ್ಣು ಮುಚ್ಚಿ ತೆರೆಯುವ ಕ್ಯಾಮೆರಾಕ್ಕಲ್ಲದೆ ಇದು ಅಸಾಧ್ಯ.

ಡಬ್ಬಿಗಳ ವಿಚಾರವನ್ನು ಚಿಕ್ಕದಾಗಿ ಹೇಳಿದರೆ ಸಾಕು. ಹಿಂದಿನ ಕಾಲದ ಡಬ್ಬಿಗಳು ನಾಲ್ಕು ಗಾಲಿಯ ಮರದ ಪೆಟ್ಟಿಗೆಗಳಾಗಿದ್ದು, ಮೇಲಿನಿಂದ ಎಣ್ಣೆಯ ದೀಪವನ್ನು ಇಳಿಬಿಡುವುದಕ್ಕಾಗಿ ಸೂರಿನ ಮೇಲೆ ಟೊಪ್ಪಿಗೆಗಳಿರುತ್ತಿದ್ದುವು. ನಮ್ಮ ಚಿತ್ರದ ಡಬ್ಬಿಗಳು ಉದ್ದವಾದವು. ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಗಾಲಿಗಳ ಬೋಗಿಗಳುಂಟು. ಒಂದರ ಬಾಗಿಲ ಬಳಿ 'ಇಂಟರ್' ಎಂದು ಬರೆದಿದೆ. ಎರಡನೆಯ ಹಾಗೂ ಮೂರನೆಯ ತರಗತಿಗಳ ನಡುವೆ ಇದ್ದ ಈ ನಡುದರ್ಜೆಯನ್ನು 1955ರಲ್ಲಿ ತೆಗೆದು ಅದಕ್ಕೇ ಎರಡನೆಯ ದರ್ಜೆ ಎಂದು ಹೆಸರಿಟ್ಟರು. ಮೂರನೆಯ ದರ್ಜೆಯು 1974ರವರೆಗೆ ಬದುಕಿತ್ತು. ಪೆರಂಬೂರಿನ ಕಾರಖಾನೆಯ ಉಕ್ಕಿನ ಡಬ್ಬಿಗಳು 1955ರಿಂದೀಚೆಯವು. ಮೂತಿ ಗುಂಡಿನಂತಿರುವ ಡಬ್ಲ್ಯು. ಪಿ. ಇಂಜಿನುಗಳು 1947ರಿಂದೀಚೆಯವು. ಇಂಥ ವಸ್ತು ಒಂದು ಚಿತ್ರದಲ್ಲಿ ಕಂಡರೆ, ಉಳಿದುದೆಲ್ಲ ಎಷ್ಟೇ ಹಳೆಯದಾಗಿ ತೋರಿದರೂ ಚಿತ್ರವು ಅದಕ್ಕಿಂತ ಹಿಂದಿನದಾಗಲಾರದು. ಇಂಜಿನು ನಲವತ್ತು ಐವತ್ತು ವರ್ಷ ದುಡಿಯುತ್ತದೆ. ಹಳೆಯ ಡಬ್ಬಿ ದೊಡ್ಡ ದಾರಿಯಿಂದ ಕವಲು ದಾರಿಗೆ ತಳ್ಳಲ್ಪಟ್ಟು ಅಲ್ಲಿ ಮುಪ್ಪನ್ನು ಕಳೆಯುತ್ತದೆ. ಆದ್ದರಿಂದ ಚಿತ್ರದಲ್ಲಿರುವ ಅತ್ಯಂತ ಎಳೆಯ ವಸ್ತುವನ್ನು ಹುಡುಕಬೇಕು. ಅತ್ಯಂತ ಹಳೆಯದನ್ನು ನೋಡಿ ಮಾರುಹೋಗುವವರೇ ಹೆಚ್ಚು, ನಾವೂ ಅವರಲ್ಲೊಬ್ಬರಾಗಿದ್ದೆವು.

ಇಷ್ಟರಿಂದ ತಾಂಡೂರಿನ ಚಿತ್ರದ ಮೂರು ಅಕ್ಷರಗಳು ಎರಡನೆಯ ಕಾಲದವೆಂಬುದು ನಿರ್ವಿವಾದ. ಚಿತ್ರವು 1930ರ ಮೇಲೆ, 1951ರಿಂದ ಹೆಚ್ಚು ದೂರ ಹೋಗದೆ ಇರತಕ್ಕದ್ದು. ಮುದುಕಿ ತಾಯಿಗೆ ಇದನ್ನು ಹೇಳಿದಾಗ ಆಕೆ ಏನೂ ಮಾತಾಡಲಿಲ್ಲ. ಮೊಮ್ಮಗನನ್ನು ಮನೆಗೆ ಕಳುಹಿಸಿ ಒಂದು ಕಾಗದವನ್ನು ತರಿಸಿದರು. ಉರ್ದುವಿನಲ್ಲಿ ಬರೆದ ನೌಕರಿಯ ಕಾಗದ. ಅದನ್ನು ಓದಿಸಿದಾಗ ತಂದೆಯ ಹೆಸರೂ, ನೌಕರಿಗೆ ಸೇರಿದುದು 1347ರಲ್ಲಿ ಎಂಬ ಮಾತೂ ದೊರೆತವು. ಮನೆಯವರು ಇದನ್ನು ಹಿಜರಿ ಎಂದು ತಿಳಿದಿದ್ದರು. ಅದು ಫಸಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಮೂರು ಊರುಗಳ ಹಳೆಯ ಚಿತ್ರಗಳ ಹಿಂಬದಿಯಲ್ಲಿ ನಾಲ್ಕು ಬಗೆಯ ವರ್ಷಗಳು ಬರುತ್ತವೆ: ಕ್ರಿಸ್ತಶಕ, ಶಾಲಿವಾಹನ ಶಕ, ಹಿಜರಿ, ಫಸಲಿ. ನಿಜಾಮರ ಸರಕಾರದ ಕಚೇರಿಗಳಲ್ಲಿ ನಡೆಯುತ್ತಿದ್ದುದು ಫಸಲಿ. ಬೆಳೆಯ ಲೆಕ್ಕಕ್ಕಾಗಿ ಹುಟ್ಟಿದ ಸೌರ ವರ್ಷವದು. ಹೈದರಾಬಾದಿನ ಫಸಲಿಯು ಅಕ್ಟೋಬರ್ ಮೊದಲ ವಾರದಲ್ಲಿ ಆಜೂರ್ ಎಂಬ ಮಾಸದಿಂದ ಮೊದಲಾಗುತ್ತಿತ್ತು. ವರ್ಷದ ಆರಂಭದ ತಿಂಗಳುಗಳಿಗೆ 589 ಅಲ್ಲ, 590ನ್ನು ಕೂಡಿಸಬೇಕು. ಜನವರಿಯ ಮೇಲೆ 591ನ್ನು. ಹಿಜರಿಯಾದರೋ ಚಾಂದ್ರಮಾನ, ಅದರ ವರ್ಷ ಹತ್ತು ಹನ್ನೊಂದು ದಿನ ಚಿಕ್ಕದು. ಅಂಕಿಗಳು ಎರಡರಲ್ಲಿಯೂ ಹದಿಮೂರು ನೂರರ ಆಸುಪಾಸಿನಲ್ಲಿ ಬರುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವುದು ಅತಿ ಸುಲಭ. 1347ನ್ನು ಹಿಜರಿಯೆಂದರೆ ಕ್ರಿ. ಶ. 1928-29, ಫಸಲಿಯೆಂದರೆ 1937-38. ಬಹಮನ್, ಖುರ್ದಾದ್, ಮೆಹರ್, ಆಬಾನ್ ಎಂಬಂಥ ಪಾರಸಿ ಮಾಸದ ಹೆಸರು ಪಕ್ಕದಲ್ಲಿದ್ದರೆ ಅದು ಫಸಲಿಯೇ. ಮೊಹರಂ, ರಜಬ್, ಶಾಬಾನ್ ಇದ್ದರೆ ಹಿಜರಿ. ಆ ಕಾಗದದಲ್ಲಿ ಪಾರಸಿ ಮಾಸವೇ ಇದ್ದಿತು.

ಜಹೀರಾಬಾದಿನ ಒಂದು ಮನೆಯಿಂದ ಬಂದ ಚಿತ್ರವು ಈ ವಿಚಾರಕ್ಕೆ ನಿದರ್ಶನವೆಂಬಂತೆ ಇದೆ. ಮದುವೆಯ ದಿಬ್ಬಣವೊಂದು ರೈಲಿನ ಡಬ್ಬಿಯ ಮುಂದೆ ನಿಂತಿದೆ. ಚಿತ್ರವನ್ನು ಅಂಟಿಸಿದ ರಟ್ಟಿನ ಮುಂಬದಿಯಲ್ಲಿ ಊರಿನ ಹೆಸರೂ 1342 ಎಂಬ ಅಂಕಿಯೂ ಇವೆ. ಹಿಂಬದಿಯಲ್ಲಿ ಬೇರೊಂದು ಕೈಯ ಕನ್ನಡ ಬರಹದಲ್ಲಿ '1855, ಶ್ರೀಮುಖ' ಎಂದಿದೆ. ಮನೆಯ ತರುಣನೊಬ್ಬನು ಹಿಂಬದಿಯನ್ನು ಮಾತ್ರ ನೋಡಿ 'ಜಹೀರಾಬಾದಿನ ರೈಲು, 1855' ಎಂದು ಬರೆದು ಮೊಬೈಲಿನಲ್ಲಿ ಊರಿಗೆಲ್ಲ ಕಳುಹಿಸಿಬಿಟ್ಟಿದ್ದನು. ಈ ದೇಶದ ಮೊದಲ ಪ್ರಯಾಣಿಕರ ಗಾಡಿ ಮುಂಬಯಿಯಿಂದ ಠಾಣೆಗೆ ಹೋದುದೇ 1853ರ ಏಪ್ರಿಲ್ 16ರಂದು. 1855ರಲ್ಲಿ ನಿಜಾಮರ ಸೀಮೆಯಲ್ಲಿ ಒಂದು ಮಾರು ಹಳಿಯೂ ಇರಲಿಲ್ಲ. ಆ ಅಂಕಿ ಶಾಲಿವಾಹನ ಶಕದ್ದು. 78ನ್ನು ಕೂಡಿಸಿದರೆ ಕ್ರಿ. ಶ. 1933. ಶ್ರೀಮುಖ ಸಂವತ್ಸರವು ಬಂದುದೂ 1933ರ ಯುಗಾದಿಯಿಂದಲೇ. ಸಂವತ್ಸರವೊಂದೇ ಇದ್ದಿದ್ದರೆ ಸಾಲುತ್ತಿರಲಿಲ್ಲ. ಅರವತ್ತು ವರ್ಷಕ್ಕೊಮ್ಮೆ ಅದು ಮರಳಿ ಬರುವುದರಿಂದ 1873, 1993 ಎಂದೂ ಹೇಳಬಹುದಾಗಿತ್ತು. ಶಕವರ್ಷ ಹಾಗೂ ಸಂವತ್ಸರ ಎರಡನ್ನೂ ಬರೆದ ಆ ಹಿರಿಯರು ಯಾರೋ, ಅವರಿಗೆ ನಮಸ್ಕಾರ.

ಇನ್ನು ಮುಂಬದಿಯ 1342. ಹಿಜರಿಯೆಂದರೆ ಕ್ರಿ. ಶ. 1923-24 ಆಗುತ್ತದೆ. ಆಗ ಜಹೀರಾಬಾದಿಗೆ ರೈಲೇ ಇಲ್ಲ. ವಿಕಾರಾಬಾದಿನಿಂದ ಬೀದರಿಗೆ ಹೋಗುವ ದಾರಿಯು ಆದದ್ದು 1930ರ ಸುಮಾರಿಗೆ. ಫಸಲಿಯೆಂದರೆ 1932ರ ಅಕ್ಟೋಬರಿನಿಂದ 1933ರ ಅಕ್ಟೋಬರಿನವರೆಗೆ, ಇದು ಹೊಂದುತ್ತದೆ. ಈಗ ಎರಡು ಲೆಕ್ಕಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದೆವು. ಶಕ 1855 ಮೊದಲಾಗುವುದು 1933ರ ಮಾರ್ಚ್ ಕೊನೆಯ ಯುಗಾದಿಗೆ. ಫಸಲಿ 1342 ಮುಗಿಯುವುದು ಅದೇ ವರ್ಷದ ಅಕ್ಟೋಬರ್ ಮೊದಲ ವಾರಕ್ಕೆ. ಎರಡೂ ಕೂಡಿರುವುದು ಈ ಆರು ತಿಂಗಳು ಚಿಲ್ಲರೆಯಲ್ಲಿ ಮಾತ್ರ. ಅದರಲ್ಲಿಯೂ ಮದುವೆಯ ದಿಬ್ಬಣವಾದ್ದರಿಂದ ಚೈತ್ರ, ವೈಶಾಖ, ಜ್ಯೇಷ್ಠಗಳಲ್ಲಿ ಎಂದು ಊಹಿಸಬಹುದು. ಚಾತುರ್ಮಾಸದಲ್ಲಿ ನಮ್ಮವರು ಮದುವೆಗೆ ಹೊರಡುವುದಿಲ್ಲವಷ್ಟೆ. ಒಬ್ಬರು ಕಚೇರಿಯ ಲೆಕ್ಕದಿಂದ, ಇನ್ನೊಬ್ಬರು ಮನೆಯ ಪಂಚಾಂಗದಿಂದ ಬರೆದ ಎರಡು ಅಂಕಿಗಳು ಕೂಡಿ, ತೊಂಬತ್ತು ವರ್ಷಕ್ಕೆ ಮೇಲ್ಪಟ್ಟ ಒಂದು ಚಿತ್ರಕ್ಕೆ ತಿಂಗಳಿನ ಮಟ್ಟಿಗೆ ಕಾಲವನ್ನು ಹೇಳಿದವು.

ನಾರಾಯಣಖೇಡದ ಚಿತ್ರದ ಕಥೆ ಬೇರೆ. ಆ ಊರಿಗೆ ಹಳಿ ಬರಲೇ ಇಲ್ಲ. ಅಲ್ಲಿಯವರಿಗೆ ರೈಲೆಂದರೆ ಜಹೀರಾಬಾದು ಇಲ್ಲವೆ ಬೀದರು. ಆದ್ದರಿಂದ ಚಿತ್ರದ ಹಿಂದೆ 'ಜಹೀರಾಬಾದ ಸ್ಟೇಷನ್' ಎಂದು ಈಚಿನವರು ಯಾರೋ ಬರೆದಿದ್ದರು. ನೋಡಿದರೆ ಇಂಜಿನಿನ ಮುಂದಿನ ಅಡ್ಡಪಟ್ಟಿಯ ನಟ್ಟನಡುವೆ ಒಂದೇ ಒಂದು ಬಫರು ಇದೆ. ಅಗಲ ಹಳಿಯ ಇಂಜಿನಿಗೆ ಎಡಬಲಗಳಲ್ಲಿ ಎರಡು ಬಫರುಗಳಿರುತ್ತವೆ. ನಡುವೆ ಒಂದೇ ಇರುವುದು ಮೀಟರ್ ಗೇಜಿನ ಲಕ್ಷಣ. ತಾಂಡೂರಿನ ದಾರಿಯೂ ಜಹೀರಾಬಾದಿನ ದಾರಿಯೂ ಮೊದಲಿನಿಂದ ಅಗಲ ಹಳಿಯವೇ. ಮೀಟರ್ ಗೇಜು ಇದ್ದುದು ಸಿಕಂದರಾಬಾದಿನಿಂದ ಕಾಮಾರೆಡ್ಡಿ, ನಿಜಾಮಾಬಾದು, ನಾಂದೇಡಗಳ ಮೇಲೆ ಮನಮಾಡಿಗೆ ಹೋಗುವ ದಾರಿಯಲ್ಲಿ, ಮಹಬೂಬನಗರದ ಕಡೆಯ ದಾರಿಯಲ್ಲಿ, ಪರಳಿಯಿಂದಾಚೆ ಪರಭಣಿಗೆ ಹೋಗುವಲ್ಲಿ. ಇದನ್ನು ತಿಳಿಸಿದಾಗ ಮನೆಯ ಹಿರಿಯರು ಕ್ಷಣಕಾಲ ಯೋಚಿಸಿ, "ಹಂಗಾದ್ರ ಇದು ನಿಜಾಮಾಬಾದ್ ಕಡಿದು ಇರಬೇಕ್ರಿ. ನಮ್ಮ ಸೋದರತ್ತಿನ ಅಲ್ಲಿ ಕೊಟ್ಟಿದ್ರು. ಕರಿಯಾಕ ಹೋದಾಗ ತೆಗಿಸಿದ್ದು" ಎಂದರು. ಒಂದು ಬಫರು ನೆನಪಿಗೆ ತಂದ ಸೋದರತ್ತೆಯ ಹೆಸರನ್ನು ಮನೆಯ ಕಿರಿಯರು ಅಂದೇ ಮೊದಲ ಸಲ ಕೇಳಿದರಂತೆ.

ಅದೇ ಮನೆಯಲ್ಲಿ ಇನ್ನೊಂದು ಚಿತ್ರವಿದೆ: ಒಂದು ಬಸ್ಸು, ಅದರ ಮೇಲೆಯೂ ರೈಲ್ವೆಯ ಅಕ್ಷರಗಳು. ಬಸ್ಸಿಗೂ ರೈಲ್ವೆಗೂ ಏನು ಸಂಬಂಧವೆಂದು ಕೇಳುವವರುಂಟು. ನಿಜಾಮರ ರೈಲ್ವೆಯು 1932ರ ಜೂನಿನಲ್ಲಿ 27 ಬಸ್ಸುಗಳಿಂದ ತನ್ನ ರಸ್ತೆ ಸಾರಿಗೆಯನ್ನು ಆರಂಭಿಸಿತು. 1951ರ ನವೆಂಬರ್ 1ರಂದು ಅದು ಹೈದರಾಬಾದ್ ರಾಜ್ಯ ಸರಕಾರದ ಕೈಸೇರಿತು. ಹಳಿಯಿಲ್ಲದ ಊರಿನವರಾದರೂ ಅಂಥ ಚಿತ್ರದ ಕಾಲವನ್ನು ಈ ಎರಡು ವರ್ಷಗಳ ನಡುವೆ ಇಡಬಹುದು.

ಊರಿನ ಹೆಸರಿನ ಜೊತೆಗಿರುವ ಜಿಲ್ಲೆಯ ಹೆಸರೂ ಒಂದು ಸಾಕ್ಷಿ. 1956ರ ನವೆಂಬರ್ 1ಕ್ಕೆ ಮೊದಲು ತಾಂಡೂರು ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕು. ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಇವು ಆಂಧ್ರ ಪ್ರದೇಶಕ್ಕೆ ಹೋದುವು, 2014ರಲ್ಲಿ ತೆಲಂಗಾಣಕ್ಕೆ. ಇಂದು ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಉಳಿದೆರಡು ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ ಇವೆ. ಆದಕಾರಣ ಚಿತ್ರದ ಹಿಂದೆ 'ತಾಂಡೂರು, ಜಿಲ್ಲೆ ಗುಲ್ಬರ್ಗಾ' ಎಂದು ಹಳೆಯ ಶಾಯಿಯಲ್ಲಿ ಕಂಡರೆ ಅದನ್ನು ತಪ್ಪೆಂದು ಹೊಡೆದುಹಾಕದಿರಿ. ಹಾಗೆ ಹೊಡೆದು 'ರಂಗಾರೆಡ್ಡಿ' ಎಂದು ತಿದ್ದಿದ ಒಂದು ಚಿತ್ರವನ್ನು ನಾವು ಕಂಡಿದ್ದೇವೆ. ಒಬ್ಬರ ತಿದ್ದುಪಡಿಯಿಂದ ಆ ಚಿತ್ರದ ಕಾಲವೇ ಅಳಿಸಿಹೋಗುವುದರಲ್ಲಿದ್ದಿತು. ಕೆಳಗಿನ ಅಕ್ಷರಗಳು ಇನ್ನೂ ಓದಲು ಬರುತ್ತಿದ್ದುದು ನಮ್ಮ ಪುಣ್ಯ.

ಈಚೆಗೆ ಹಳೆಯ ಚಿತ್ರಗಳಿಗೆ ಯಂತ್ರದಿಂದ ಬಣ್ಣ ತುಂಬಿಸುವ ಹುಚ್ಚೊಂದು ಬಂದಿದೆ. ಮುಖಪುಟದ ಚಿತ್ರಕ್ಕೂ ಹಾಗೆ ಮಾಡೋಣವೆಂದು ಸಲಹೆ ಬಂದಿತ್ತು. ಹಿಂದಿನ ಫಲಕಗಳಿಗೆ ಕೆಂಪು ಬಣ್ಣವು ಕಾಣುತ್ತಿರಲಿಲ್ಲ; ಕೆಂಪು ಕಪ್ಪಾಗಿಯೂ ನೀಲಿ ಬಿಳುಪಾಗಿಯೂ ಮೂಡುತ್ತಿದ್ದುವು. ಅಷ್ಟೇ ಅಲ್ಲದೆ ಕಾರಖಾನೆಯವರು ಹೊಸ ಇಂಜಿನಿನ ಚಿತ್ರವನ್ನು ತೆಗೆಯುವ ಮೊದಲು ಅದಕ್ಕೆ ಬೂದು ಬಣ್ಣವನ್ನು ಬಳಿದು, ತೆಗೆದ ಮೇಲೆ ನಿಜವಾದ ಬಣ್ಣವನ್ನು ಹಚ್ಚುತ್ತಿದ್ದರು. ಇಂಥಲ್ಲಿ ಕಪ್ಪುಬಿಳುಪಿನ ಚಿತ್ರವನ್ನು ನೋಡಿ ಬಣ್ಣವನ್ನು ಹೇಳುವೆನೆಂಬ ಯಂತ್ರವನ್ನು ನಾವು ನಂಬಲಾರೆವು. ಚಿತ್ರವಿದ್ದಂತೆಯೇ ಇರಲಿ.

ಮನೆಗಳಲ್ಲಿ ಇಂಥ ಚಿತ್ರಗಳಿರುವವರಲ್ಲಿ ಎರಡು ಮಾತಿನ ಬಿನ್ನಹ. ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆಯ ಸೀಸದ ಕಡ್ಡಿಯಿಂದ ಅಂಚಿನಲ್ಲಿ ಬರೆಯಿರಿ. ಶಾಯಿಯ ಲೇಖನಿ ಬೇಡ. ಪ್ರತಿಯನ್ನು ತೆಗೆಸುವಾಗ ಮುಂಬದಿಯನ್ನಷ್ಟೇ ತೆಗೆಸದೆ ಹಿಂಬದಿಯನ್ನೂ ರಟ್ಟಿನ ಅಂಚನ್ನೂ ತೆಗೆಸಿರಿ. ಅಂಗಡಿಯಿಂದ ಬಂದ ಪ್ರತಿಯು ಎಡಬಲ ತಿರುಗಿರುವುದೂ ಉಂಟು; ಅಕ್ಷರಗಳು ಕಾಣದಿದ್ದರೆ ಗಂಡಸರ ಅಂಗಿಯ ಗುಂಡಿಗಳನ್ನಾಗಲಿ ಜನಿವಾರ ಯಾವ ಹೆಗಲ ಮೇಲಿದೆಯೆಂಬುದನ್ನಾಗಲಿ ನೋಡಿಕೊಳ್ಳಿರಿ. ಹಿರಿಯರು ಹೇಳಿದ ಮಾತು ಇಂಜಿನಿನ ಸಾಕ್ಷಿಗೆ ವಿರುದ್ಧವಾಗಿ ಕಂಡರೂ ಅದನ್ನು ಬರೆದಿಡಿರಿ. ನಮ್ಮ ವಿಷಯದಲ್ಲಿ ತಪ್ಪಿದುದು ಪುಸ್ತಕ ಓದಿದವರ ಲೆಕ್ಕವೇ ಹೊರತು ಅವ್ವನ ಮಾತಲ್ಲ.

ತಾಂಡೂರಿನ ಆ ತಾಯಿಗೆ ಕೊನೆಗೆ ನಾವು ಹೇಳಿದುದಿಷ್ಟು. ತಂದೆ ನೌಕರಿಗೆ ಸೇರಿದುದು 1937-38ರಲ್ಲಿ. ತೀರಿಕೊಂಡುದು, ಮನೆಯವರು ಹೇಳುವಂತೆ, ರಜಾಕಾರರ ಗಲಾಟೆಯ ವರ್ಷ, ಎಂದರೆ 1948ರಲ್ಲಿ. ಚಿತ್ರವು 1930ಕ್ಕೂ 1951ಕ್ಕೂ ನಡುವಿನದು. ಆ ಹತ್ತು ವರ್ಷಗಳು ಈ ಇಪ್ಪತ್ತರ ಒಳಗೆ ಸರಿಯಾಗಿ ಕೂಡುತ್ತವೆ. ಲಾಂದ್ರ ಹಿಡಿದವರು ಅವರೇ ಎಂದು ಇಂಜಿನು ಹೇಳಲಾರದು. ಅವರಲ್ಲವೆಂದು ಹೇಳಲು ಮಾತ್ರ ಈಗ ಯಾವ ಕಾರಣವೂ ಉಳಿದಿಲ್ಲ. ಆಕೆ ಕೇಳಿಸಿಕೊಂಡು, "ನಮ್ಮವ್ವ ಸುಳ್ಳು ಹೇಳಾಕಿ ಅಲ್ಲರಿ" ಎಂದಷ್ಟೇ ಹೇಳಿ, ಸೀಸದ ಕಡ್ಡಿಯನ್ನು ಮೊಮ್ಮಗನ ಕೈಗೆ ಕೊಟ್ಟರು. ಚಿತ್ರದ ಹಿಂಬದಿಯಲ್ಲಿ ಅವನು ಬರೆದ ಸಾಲನ್ನೇ ಈ ಸಂಚಿಕೆಯಲ್ಲಿ ನಮ್ಮ ಹಳೆಯ ಸಾಲಿನ ಬದಲಾಗಿ ಅಚ್ಚು ಮಾಡಿಸಿದ್ದೇವೆ: 'ತಾಂಡೂರು ಸ್ಟೇಷನ್. ನಿಜಾಮರ ರೈಲ್ವೆ, 1938ರಿಂದ 1948ರ ನಡುವೆ. ಕಂದೀಲು ಹಿಡಿದವರು ನಮ್ಮ ಮುತ್ತಜ್ಜ, ಅಜ್ಜಿಯ ಅವ್ವ ಹೇಳಿದಂತೆ.'